ಬ್ಯಾಟಿಂಗ್ ಕ್ರಮ ಬದಲಿಸಿದರೆ ಸೋಲುವ ತಂಡ ಗೆಲ್ಲುತ್ತದೆಯೇ? ಬೇಸ್‌ಬಾಲ್ ಅಂಕಿಅಂಶ ಏನು ಹೇಳುತ್ತದೆ?

ತಂಡ ಸೋತ ರಾತ್ರಿ ಪ್ರತಿಯೊಬ್ಬ ಅಭಿಮಾನಿಯೂ ಕೋಚ್ ಆಗಿಬಿಡುತ್ತಾನೆ. "ಇವನನ್ನ ಯಾಕೆ ಮೊದಲು ಕಳಿಸಿದ್ರು?", "ಆ ಹುಡುಗನ್ನ ಆರಿಸಿದವರು ಯಾರು?" ಎಂಬ ಮೆಸೇಜುಗಳು ಬೆಳಗಾಗುವುದರೊಳಗೆ ಹತ್ತಾರು ಗ್ರೂಪುಗಳನ್ನು ದಾಟಿರುತ್ತವೆ. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳದ್ದೂ ಇದೇ ಕಥೆ. ವ್ಯತ್ಯಾಸ ಇಷ್ಟೇ: ಅಲ್ಲಿ ಒಂದು ತಂಡ ಒಂದು ಋತುವಿನಲ್ಲಿ 162 ಲೀಗ್ ಪಂದ್ಯ ಆಡುತ್ತದೆ. ಹಾಗಾಗಿ ಯಾವ ವಾದ ನಿಜ, ಯಾವುದು ಬರೀ ಸಿಟ್ಟು ಎಂದು ಲೆಕ್ಕ ಹಾಕಿ ನೋಡಬಹುದು.

ಉದಾಹರಣೆಗೆ ಚಿಕಾಗೊ ವೈಟ್ ಸಾಕ್ಸ್ ತಂಡವನ್ನೇ ತೆಗೆದುಕೊಳ್ಳೋಣ. 2021ರಲ್ಲಿ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿದ್ದ ಈ ತಂಡ, 2024ರಲ್ಲಿ 121 ಪಂದ್ಯ ಸೋತಿತು. 1900ರ ನಂತರ ಯಾವ ಮೇಜರ್ ಲೀಗ್ ತಂಡವೂ ಒಂದೇ ಋತುವಿನಲ್ಲಿ ಇಷ್ಟು ಸೋತಿರಲಿಲ್ಲ. ನಡುವೆ ಸತತ 21 ಸೋಲು ಬೇರೆ. ಇಂಥ ಸಮಯದಲ್ಲಿ ಕೇಳಿಬರುವ ನಾಲ್ಕು ಮಾತುಗಳನ್ನು ನಾವಿಲ್ಲಿ ಪರಿಶೀಲಿಸಿದ್ದೇವೆ.

1. "ಬ್ಯಾಟಿಂಗ್ ಕ್ರಮ ಸರಿಯಿಲ್ಲ, ಅದಕ್ಕೇ ಸೋಲು"

ಟಿ20 ಕ್ರಿಕೆಟ್‌ನಲ್ಲಿ ಈ ಮಾತಿಗೆ ತೂಕವಿದೆ. ಆರಂಭಿಕ ಆಟಗಾರ 60 ಎಸೆತ ಆಡಬಹುದು, ಎಂಟನೆಯವರಿಗೆ ಒಂದೂ ಸಿಗದಿರಬಹುದು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಂಬತ್ತು ಬ್ಯಾಟರ್‌ಗಳು ಸರದಿಯಂತೆ ಬರುತ್ತಾರೆ, ಒಂಬತ್ತನೆಯವರ ನಂತರ ಮತ್ತೆ ಮೊದಲನೆಯವರು. ಒಮ್ಮೆ ಔಟಾದವರಿಗೂ ಮತ್ತೆ ಸರದಿ ಬರುತ್ತದೆ. ಕ್ರಮದಲ್ಲಿ ಒಂದು ಸ್ಥಾನ ಕೆಳಗಿಳಿದರೆ ಇಡೀ ಋತುವಿನಲ್ಲಿ ಕಡಿಮೆಯಾಗುವುದು ಸುಮಾರು 18 ಅವಕಾಶ ಮಾತ್ರ.

ಸಾಮಾನ್ಯ ಕ್ರಮದ ಬದಲು ಅತ್ಯುತ್ತಮ ಕ್ರಮ ಬಳಸಿದರೆ ಋತುವಿಗೆ 10ರಿಂದ 15 ರನ್ ಹೆಚ್ಚಬಹುದು ಎಂಬುದು ವಿಶ್ಲೇಷಕರ ಅಂದಾಜು. ಸುಮಾರು 10 ರನ್ ಎಂದರೆ ಒಂದು ಗೆಲುವು. 2024ರಲ್ಲಿ ವೈಟ್ ಸಾಕ್ಸ್ ಗಳಿಸಿದ್ದು 507 ರನ್, ಬಿಟ್ಟುಕೊಟ್ಟಿದ್ದು 813. ಅಂತರ 306. ಕ್ರಮ ಎಷ್ಟೇ ಚೆನ್ನಾಗಿದ್ದರೂ ಈ ಹಳ್ಳ ತುಂಬುತ್ತಿರಲಿಲ್ಲ.

2. "ಮೂರು ಪಂದ್ಯದಿಂದ ಒಂದು ಹಿಟ್ ಇಲ್ಲ, ಹೊರಗಿಡಿ"

ನಾಲ್ಕು ಪ್ರಯತ್ನಕ್ಕೆ ಒಂದು ಹಿಟ್ ಹೊಡೆಯುವ ಸಾಧಾರಣ ಒಳ್ಳೆಯ ಬ್ಯಾಟರ್ ಒಬ್ಬರನ್ನು ಊಹಿಸಿಕೊಳ್ಳಿ. ಪಂದ್ಯಕ್ಕೆ ನಾಲ್ಕು ಪ್ರಯತ್ನದಂತೆ ಮೂರು ಪಂದ್ಯಕ್ಕೆ 12. ಆ ಹನ್ನೆರಡೂ ಖಾಲಿ ಹೋಗುವ ಸಾಧ್ಯತೆ ಸುಮಾರು ಶೇ. 3. ಕಡಿಮೆ ಅನ್ನಿಸಬಹುದು. ಆದರೆ 150 ಪಂದ್ಯ ಆಡುವವರಿಗೆ ಋತುವಿನಲ್ಲಿ ಎರಡು ಮೂರು ಬಾರಿ ಹೀಗೆ ಆಗುವುದು ಸಹಜ. ಅವರ ಆಟ ಸ್ವಲ್ಪವೂ ಕೆಟ್ಟಿರಬೇಕಿಲ್ಲ, ಬರೀ ಅದೃಷ್ಟದ ಏರಿಳಿತ ಸಾಕು.

3. "ಕೋಚ್ ಬದಲಿಸಿದರೆ ಎಲ್ಲ ಸರಿಹೋಗುತ್ತದೆ"

ವೈಟ್ ಸಾಕ್ಸ್ ಅದನ್ನೂ ಮಾಡಿತು. 2024ರ ಆಗಸ್ಟ್‌ನಲ್ಲಿ ಮ್ಯಾನೇಜರ್ ಪೆಡ್ರೊ ಗ್ರಿಫೋಲ್ ಅವರನ್ನು ತೆಗೆದುಹಾಕಿದಾಗ ತಂಡದ ಲೆಕ್ಕ 28 ಗೆಲುವು, 89 ಸೋಲು. ಗ್ರೇಡಿ ಸೈಜ್‌ಮೋರ್ ಬಂದ ಮೇಲೆ 13 ಗೆಲುವು, 32 ಸೋಲು. ನೂರಕ್ಕೆ 24 ಇದ್ದದ್ದು 29 ಆಯಿತು. ಆಟಗಾರರು ಹೆಚ್ಚುಕಡಿಮೆ ಅವರೇ, ಫಲಿತಾಂಶವೂ ಹೆಚ್ಚುಕಡಿಮೆ ಅದೇ.

4. "ಸೋತರೆ ಸೋಲಲಿ, ಡ್ರಾಫ್ಟ್‌ನಲ್ಲಿ ಸ್ಟಾರ್ ಸಿಗುತ್ತಾನೆ"

ಮೇಜರ್ ಲೀಗ್‌ನಲ್ಲಿ ಐಪಿಎಲ್ ರೀತಿಯ ಹರಾಜಿಲ್ಲ. ಹೈಸ್ಕೂಲ್ ಮತ್ತು ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. 1965ರಲ್ಲಿ ಶುರುವಾದ ಇದೇ ಡ್ರಾಫ್ಟ್. ಸೋತವರಿಗೆ ಮೊದಲ ಸರದಿ ಎಂಬುದು ಮೂಲ ಆಲೋಚನೆ. ಬೇಕೆಂದೇ ಸೋಲುವುದನ್ನು ತಡೆಯಲು 2023ರ ಡ್ರಾಫ್ಟ್‌ನಿಂದ ಲಾಟರಿ ಬಂದಿದೆ. ಎಲ್ಲ ತಂಡಗಳೂ ಅರ್ಹವಾಗಿದ್ದರೆ ಕೊನೆಯ ಮೂರಕ್ಕೂ ಮೊದಲ ಸ್ಥಾನದ ಅವಕಾಶ ಸಮಾನ, ತಲಾ ಶೇ. 16.5. ಜೊತೆಗೆ, ದೊಡ್ಡ ಆದಾಯದ ತಂಡಗಳಿಗೆ ಸತತ ಎರಡು ವರ್ಷ ಲಾಟರಿ ಸ್ಥಾನ ಸಿಗುವಂತಿಲ್ಲ. ಹೀಗಾಗಿ 121 ಪಂದ್ಯ ಸೋತ ವೈಟ್ ಸಾಕ್ಸ್‌ಗೆ 2025ರಲ್ಲಿ ಸಿಕ್ಕಿದ್ದು ಹತ್ತನೇ ಸರದಿ!

ಮೊದಲ ಸರದಿ ಸಿಕ್ಕರೂ ಸ್ಟಾರ್ ಸಿಗುತ್ತಾರೆಂಬ ಖಾತ್ರಿಯಿಲ್ಲ. 1966ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮೊದಲಿಗೆ ಆರಿಸಿದ ಆಟಗಾರ ಒಂದೇ ಒಂದು ಮೇಜರ್ ಲೀಗ್ ಪಂದ್ಯ ಆಡಲಿಲ್ಲ. ಎರಡನೆಯವರಾಗಿ ಬೇರೆ ತಂಡಕ್ಕೆ ಹೋದವರು ರೆಗ್ಗಿ ಜಾಕ್ಸನ್, 563 ಹೋಮ್ ರನ್ ಹೊಡೆದ ದಿಗ್ಗಜ. ಇನ್ನೊಂದು ಸ್ವಾರಸ್ಯ ನೋಡಿ. 2016ರಲ್ಲಿ ಇಬ್ಬರು ಒಟ್ಟಿಗೆ ಹಾಲ್ ಆಫ್ ಫೇಮ್ ಸೇರಿದರು. ಕೆನ್ ಗ್ರಿಫಿ ಜೂನಿಯರ್ 1987ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆ. ಮೈಕ್ ಪಿಯಾಜಾ 1988ರ ಡ್ರಾಫ್ಟ್‌ನ 62ನೇ ಸುತ್ತಿನಲ್ಲಿ 1390ನೆಯವರು. ಇಂದು "ಇವರನ್ನ ಬಿಟ್ಟಿದ್ದು ಮೂರ್ಖತನ" ಎನ್ನುವುದು ಸುಲಭ. ಅಂದು ಎಲ್ಲ ತಂಡಗಳೂ ಅವರನ್ನು ಸುತ್ತಿನ ಮೇಲೆ ಸುತ್ತು ಬಿಟ್ಟಿದ್ದವು.

ಹಾಗಾದರೆ ಸೋಲಿಗೆ ಕಾರಣವೇನು?

ಕಾರಣಗಳು ನಿಧಾನಗತಿಯವು. ಆಯ್ಕೆಯಾದ ಹುಡುಗರು ಮೈನರ್ ಲೀಗ್‌ಗಳಲ್ಲಿ ಸಾಮಾನ್ಯವಾಗಿ ವರ್ಷಗಟ್ಟಲೆ ಪಳಗಬೇಕು. ಗಾಯಗೊಂಡವರ ಜಾಗಕ್ಕೆ ಸಮರ್ಥರು ಸಿದ್ಧರಿರಬೇಕು. ಒಳ್ಳೆಯ ಪಿಚರ್‌ಗಳನ್ನು ಉಳಿಸಿಕೊಳ್ಳಬೇಕು. ಇವೆಲ್ಲ ಐದಾರು ವರ್ಷಗಳ ಕೆಲಸ. 2018ರಲ್ಲಿ 100 ಪಂದ್ಯ ಸೋತಿದ್ದ ವೈಟ್ ಸಾಕ್ಸ್ ಯುವಕರನ್ನು ಬೆಳೆಸಿಯೇ 2021ರಲ್ಲಿ ಮೇಲೆ ಬಂದಿತ್ತು. ಆ ತಂಡ ಸವೆದಾಗ ಜಾಗ ತುಂಬುವಷ್ಟು ಹೊಸಬರು ಇರಲಿಲ್ಲ. 2023ರಲ್ಲೇ 101 ಸೋಲು ಬಂದಿತ್ತು.

ಇಂಥ ಕಾರಣಗಳನ್ನು ಒಂದು ಮೆಸೇಜಿನಲ್ಲಿ ಬೈಯಲಾಗದು. ಆದ್ದರಿಂದ ಸಿಟ್ಟು ಕಣ್ಣಿಗೆ ಬಿದ್ದ ಒಬ್ಬ ಆಟಗಾರನ ಮೇಲೆ ತಿರುಗುತ್ತದೆ. 2025ರ ಮೇ ತಿಂಗಳಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಪಿಚರ್ ಲ್ಯಾನ್ಸ್ ಮೆಕಲರ್ಸ್ ಒಂದು ಪಂದ್ಯದಲ್ಲಿ ಕೆಟ್ಟದಾಗಿ ಆಡಿದ್ದಕ್ಕೆ, ಅವರ ಪುಟ್ಟ ಮಕ್ಕಳನ್ನೇ ಕೊಲ್ಲುವುದಾಗಿ ಬೆದರಿಕೆ ಮೆಸೇಜುಗಳು ಬಂದವು. ಬೆದರಿಸಿದ್ದು ವಿದೇಶದಲ್ಲಿದ್ದ, ಬಾಜಿಯಲ್ಲಿ ಹಣ ಕಳೆದುಕೊಂಡ ವ್ಯಕ್ತಿ ಎಂದು ಪೊಲೀಸರು ಪತ್ತೆ ಹಚ್ಚಿದರು.

ಹಾಗಾಗಿ ನಿಮ್ಮ ತಂಡ ಯಾವುದೇ ಇರಲಿ, "ಇವನಿಂದಲೇ ಸೋತೆವು" ಎಂಬ ಫಾರ್ವರ್ಡ್ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಎಷ್ಟು ಪಂದ್ಯಗಳ ಲೆಕ್ಕ? ಈ ಒಬ್ಬರನ್ನು ಬದಲಿಸಿದರೆ ಎಷ್ಟು ರನ್ ವ್ಯತ್ಯಾಸ? ಉತ್ತರ ಗೊತ್ತಿಲ್ಲದಿದ್ದರೆ ವಾದ ಮಾಡಿ, ತಮಾಷೆ ಮಾಡಿ, ತೊಂದರೆಯಿಲ್ಲ. ಒಬ್ಬರ ಹೆಸರು, ಫೋಟೊ ಹಾಕಿ ಬೈದಿರುವ ಮೆಸೇಜನ್ನು ಮಾತ್ರ ಮುಂದೆ ಕಳಿಸಬೇಡಿ.