ಗಾಜಿನ ಬಟ್ಟಲಲ್ಲಿ ಸತ್ತ ಕ್ಯಾನ್ಸರ್

ಅರಿಶಿನ ಬಾಯಿ ಕ್ಯಾನ್ಸರನ್ನು ಕೊಲ್ಲುತ್ತದೆ ಎಂಬ ಸುದ್ದಿ ವರ್ಷಕ್ಕೆ ನಾಲ್ಕಾರು ಸಲವಾದರೂ ಹೊಸದಾಗಿ ಹುಟ್ಟಿಬರುತ್ತದೆ. ಒಮ್ಮೆ ಅರಿಶಿನವಾದರೆ ಇನ್ನೊಮ್ಮೆ ಬೇವು, ಮತ್ತೊಮ್ಮೆ ತುಳಸಿ ಅಥವಾ ಲಕ್ಷ್ಮಣಫಲ. ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಕ್ಯಾನ್ಸರ್ ಕೋಶಗಳು ಸತ್ತದ್ದು ನಿಜ, ಆದರೆ ಅವು ಪ್ರಯೋಗಾಲಯದ ಗಾಜಿನ ಬಟ್ಟಲಲ್ಲಿ ಸಾಕಿದ ಕೋಶಗಳು. ಆ ಬಟ್ಟಲಿಗೆ ಸೋಪಿನ ನೀರು ಸುರಿದರೂ ಅವು ಸಾಯುತ್ತವೆ. ಅಡಕೆಯ ಸಾರ ಹಾಕಿದರೂ ಸಾಯುತ್ತವೆ. ಅದೇ ಅಡಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ ಸರಿಯೇ, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಕೆ ಬೆಳೆಯಲ್ಲಿ ದೇಶಕ್ಕೇ ಮೊದಲಿರುವ ನಮ್ಮ ರಾಜ್ಯದಲ್ಲಿ ಬಟ್ಟಲಿನ ಈ ಫಲಿತಾಂಶವನ್ನೇ ಹಿಡಿದು ಅಡಕೆ ಕ್ಯಾನ್ಸರಿಗೆ ಮದ್ದು ಎನ್ನುವವರಿಗೂ ಕೊರತೆಯಿಲ್ಲ. ರೋಗ ತರುವ ವಸ್ತುವನ್ನೂ ಮದ್ದೆಂದು ಪಾಸು ಮಾಡುವ ಪರೀಕ್ಷೆಯನ್ನು ಎಷ್ಟರಮಟ್ಟಿಗೆ ನಂಬಬೇಕು?

ಹಾಗೆಂದು ಗಿಡಮೂಲಿಕೆ ಎಂದೊಡನೆ ಮೂಗು ಮುರಿಯುವವರ ಪರ ನಾನಿಲ್ಲ. ಕ್ಯಾನ್ಸರ್ ವೈದ್ಯದ ಮೇಲೆ ಗಿಡಮರಗಳ ಋಣ ದೊಡ್ಡದು. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಇಲ್ಲದೆ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆ ಇಂದಿಗೂ ಸಾಗುವುದಿಲ್ಲ. ಬಾಯಿ ಕ್ಯಾನ್ಸರಿಗೆ ಇನ್ನೂ ಹತ್ತಿರದ ಕತೆ ಯೂ ಎಂಬ ಮರದ್ದು. 1962ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೇ ಅಲ್ಲಿನ ಪಶ್ಚಿಮದ ಕಾಡಿನಲ್ಲಿ ಈ ಮರದ ತೊಗಟೆ ಕಿತ್ತು ತಂದರು. ಅದರೊಳಗಿನ ರಾಸಾಯನಿಕದ ರಚನೆಯನ್ನು ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾಣಿ 1971ರಲ್ಲಿ ಪ್ರಕಟಿಸಿದರು. ಒಂದು ಕೋಶ ಎರಡಾಗಿ ಒಡೆಯುವ ಹೊತ್ತಿಗೆ ಬೇಕಾದ ಸೂಕ್ಷ್ಮ ನಳಿಕೆಗಳನ್ನು ಅದು ಸಡಿಲವಾಗಲು ಬಿಡದೆ ಬಿಗಿದುಬಿಡುತ್ತದೆ ಎಂದು ಸೂಸನ್ ಹಾರ್ವಿಟ್ಸ್ 1979ರಲ್ಲಿ ತೋರಿಸಿದರು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹೆಸರಲ್ಲಿ ಅದು ಔಷಧವಾಗಿ ಅನುಮತಿ ಪಡೆದದ್ದು 1992ರಲ್ಲಿ. ತೊಗಟೆಯಿಂದ ಔಷಧಕ್ಕೆ ಸರಿಯಾಗಿ ಮೂವತ್ತು ವರ್ಷ.

ಯುರೋಪಿನ ಯೂ ಮರದ ಎಲೆಯಿಂದ ತೆಗೆದ ದ್ರವ್ಯವನ್ನು ತಿದ್ದಿ ತಯಾರಿಸಿದ ಡೊಸಿಟ್ಯಾಕ್ಸೆಲ್ ಅದರ ಒಡಹುಟ್ಟು. ಬಾಯಿ, ಗಂಟಲು ಸೇರಿದಂತೆ ತಲೆ-ಕುತ್ತಿಗೆ ಭಾಗದ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವಾಗ ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಔಷಧ ಕೊಡುವುದು ರೂಢಿ. ಮೂತ್ರಪಿಂಡ ದುರ್ಬಲವಾದವರಿಗೆ, ಕಿವಿ ಮಂದವಾದವರಿಗೆ ಅದನ್ನು ಕೊಡುವಂತಿಲ್ಲ. ಅಂಥ 356 ರೋಗಿಗಳ ಮೇಲೆ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಬರೀ ರೇಡಿಯೇಷನ್ ಪಡೆದವರಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ನೂರಕ್ಕೆ ಸುಮಾರು 42; ಡೊಸಿಟ್ಯಾಕ್ಸೆಲ್ ಕೂಡಿಸಿದವರಲ್ಲಿ ಸುಮಾರು 51. ಅಂದರೆ ಡ್ರಿಪ್ಪಿನ ಕೊಳವೆಯಲ್ಲಿ ಮರದೆಲೆಯ ಸತ್ವ ರೋಗಿಯ ಮೈಗೆ ಇಳಿಯುತ್ತಿರುವಾಗಲೇ, ಹೊರಗೆ ಬೆಂಚಿನ ಮೇಲೆ ಕೂತ ಬಂಧುಗಳು ‘ಈ ಇಂಗ್ಲಿಷ್ ಔಷಧಿ ಬಿಡಿಸಿ ಸೊಪ್ಪಿನ ಔಷಧಿ ಕೊಡಿಸೋಣವೇ’ ಎಂದು ಮಾತಾಡಿಕೊಳ್ಳುತ್ತಿರಬಹುದು. ಅಳತೆಗೆ ಸಿಕ್ಕಿ ಗೆದ್ದ ಸೊಪ್ಪಿಗೆ ಸೊಪ್ಪೆಂಬ ಹೆಸರೇ ಉಳಿಯುವುದಿಲ್ಲ.

ಅರಿಶಿನವನ್ನೂ ಹಾಗೆ ಅಳೆದು ನೋಡಿದ್ದಾರೆ. ಕೊಚ್ಚಿ, ತಿರುವನಂತಪುರ ಮತ್ತು ನಮ್ಮ ಬೆಂಗಳೂರಿನ ವೈದ್ಯರು ಕೂಡಿ ಮಾಡಿದ, 2016ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ತಂಬಾಕು, ಎಲೆ-ಅಡಕೆ ಜಗಿಯುವವರ ಕೆನ್ನೆಯ ಒಳಭಾಗದಲ್ಲಿ ಕೆಲವೊಮ್ಮೆ ಉಜ್ಜಿದರೂ ಹೋಗದ ಬಿಳಿ ಮಚ್ಚೆ ಏಳುತ್ತದೆ. ಬಹುಪಾಲು ಮಚ್ಚೆಗಳು ಮಚ್ಚೆಯಾಗಿಯೇ ಉಳಿದರೂ ಕೆಲವು ಕ್ಯಾನ್ಸರಾಗುತ್ತವೆ. ಇಂಥ ಮಚ್ಚೆಯಿದ್ದ 223 ಜನರಲ್ಲಿ ಅರ್ಧದಷ್ಟು ಮಂದಿಗೆ ಆರು ತಿಂಗಳು ದಿನಕ್ಕೆ 3.6 ಗ್ರಾಂ ಅರಿಶಿನದ ಸತ್ವವಾದ ಕರ್ಕ್ಯುಮಿನ್, ಉಳಿದವರಿಗೆ ನೋಡಲು ಹಾಗೇ ಇರುವ ಹುಸಿ ಮಾತ್ರೆ. ಯಾರಿಗೆ ಯಾವುದು ಎಂಬುದು ನುಂಗುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಕರ್ಕ್ಯುಮಿನ್ ನುಂಗಿದವರಲ್ಲಿ ನೂರಕ್ಕೆ 67ಕ್ಕೂ ಹೆಚ್ಚು ಜನರ ಮಚ್ಚೆ ಕಣ್ಣಿಗೆ ಕಾಣುವಂತೆ ತಗ್ಗಿತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮುಖಪುಟದ ಸುದ್ದಿ. ಆದರೆ ಹುಸಿ ಮಾತ್ರೆ ನುಂಗಿದವರಲ್ಲೂ ನೂರಕ್ಕೆ 55 ಜನರಿಗೆ ತಗ್ಗಿತ್ತು! ಮಚ್ಚೆ ತಾನಾಗಿಯೇ ಹಿಗ್ಗುತ್ತದೆ, ಕುಗ್ಗುತ್ತದೆ. ಚಟ ಬಿಟ್ಟರೆ ಎಷ್ಟೋ ಸಲ ಮಾಯವೇ ಆಗುತ್ತದೆ. ಅರಿಶಿನಕ್ಕೆ ಸಲ್ಲಬೇಕಾದ ಹೆಗ್ಗಳಿಕೆ ನಡುವಿನ ಆ ಹನ್ನೆರಡು ಜನರದ್ದು ಮಾತ್ರ. ಅದು ಚಿಕ್ಕದಲ್ಲ, ಕಾಕತಾಳೀಯವೆಂದು ತಳ್ಳಿಹಾಕುವಷ್ಟೂ ಅಲ್ಲ. ಆದರೆ ಮಚ್ಚೆಯ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಎರಡು ಗುಂಪಿನ ನಡುವೆ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ. ಇದೇ ಬಗೆಯ ಮಚ್ಚೆಗೆ ಸೋಯಾ ಅವರೆಯ ಒಂದು ಸಾರವನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಹುಸಿ ಮಾತ್ರೆಯೂ ಸಾರವೂ ಸಮಸಮ ಬಂದವು. ಹೋಲಿಸಿ ನೋಡಲು ಎರಡನೆಯ ಗುಂಪೇ ಇಲ್ಲದ ನಾಟಿ ವೈದ್ಯರ ‘ನೂರಾರು ಜನರಿಗೆ ವಾಸಿಯಾಗಿದೆ’ ಎಂಬ ಮಾತು ಪ್ರಾಮಾಣಿಕವಾಗಿದ್ದಾಗಲೂ ನಮಗೆ ಏನನ್ನೂ ಹೇಳದಿರುವುದು ಇದಕ್ಕೇ.

ನಮ್ಮ ಅಜ್ಜಿಯರು ಸಾವಿರಾರು ವರ್ಷ ಬಳಸಿದ್ದಕ್ಕೆ ಮತ್ತೇಕೆ ಪರೀಕ್ಷೆ ಎಂದು ಕೇಳುವವರಿದ್ದಾರೆ. ಅಜ್ಜಿ ಬಳಸಿದ್ದು ಸಾರಿಗೆ ಒಂದು ಚಿಟಿಕೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಆ ಪ್ರಯೋಗದ ಪ್ರಮಾಣ ಮುಟ್ಟಲು ದಿನಕ್ಕೆ ನೂರು ಗ್ರಾಂಗೂ ಮಿಕ್ಕಿ ಅರಿಶಿನ ತಿನ್ನಬೇಕು. ತಿಂದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಕಾಳುಮೆಣಸಿನ ಪೈಪರಿನ್ ಬೆರೆಸಿದರೆ ಆ ಪ್ರಮಾಣ ಇಪ್ಪತ್ತು ಪಟ್ಟು ಏರುತ್ತದೆಂದು ಕಂಡುಕೊಂಡರು. ಜಗತ್ತಿನ ಎಷ್ಟೋ ಅರಿಶಿನ ಮಾತ್ರೆಗಳ ಡಬ್ಬಿಯ ಮೇಲೆ ಈಗ ಮೆಣಸಿನ ಚಿತ್ರ ಇರುವುದು ಅದರಿಂದಲೇ. ಆದರೆ ಅತ್ಯಲ್ಪದ ಇಪ್ಪತ್ತು ಪಟ್ಟೂ ಅಲ್ಪವೇ. ಅಲ್ಲದೆ ಪೈಪರಿನ್ ಈ ಕೆಲಸ ಮಾಡುವುದು ಔಷಧಗಳನ್ನು ಒಡೆದು ಹೊರಹಾಕುವ ಯಕೃತ್ತಿನ ವ್ಯವಸ್ಥೆಯನ್ನು ತಡೆದು. ಕಿಮೊ ನಡೆಯುತ್ತಿರುವ ರೋಗಿಗೆ ಅದು ಆಟದ ವಿಷಯವಲ್ಲ.

‘ಉಪಯೋಗವಾಗದಿದ್ದರೂ ತೊಂದರೆಯಂತೂ ಇಲ್ಲವಲ್ಲ’ ಎಂಬುದು ಇನ್ನೊಂದು ಸಮಾಧಾನ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗ ಇದಕ್ಕೆ ಉತ್ತರ. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಅವರನ್ನು ಕಾಪಾಡುತ್ತದೆ ಎಂದು ಎಲ್ಲರೂ ನಂಬಿದ್ದರು. 1994ರಲ್ಲಿ ಲೆಕ್ಕ ಹಾಕಿದಾಗ ಆ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ತಿಂದ ಗಜ್ಜರಿ ಒಳ್ಳೆಯದೇ. ಅದರಿಂದ ಬೇರ್ಪಡಿಸಿ ಮಾತ್ರೆ ಮಾಡಿದ್ದು ಬೇರೆಯೇ ಪದಾರ್ಥ.

ಮೂರನೆಯ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ, ಏಕೆಂದರೆ ಅದರಲ್ಲಿ ಹುರುಳಿದೆ. ಅರಿಶಿನದ ಮೇಲೆ ಯಾರಿಗೂ ಪೇಟೆಂಟ್ ಸಿಗದು. ಗಾಯ ಮಾಯಿಸುವ ಗುಣಕ್ಕೆ ಅಮೆರಿಕ ಕೊಟ್ಟಿದ್ದ ಪೇಟೆಂಟನ್ನು 1997ರಲ್ಲಿ ನಾವೇ ಹೋರಾಡಿ ರದ್ದು ಮಾಡಿಸಿದ್ದೇವೆ. ಲಾಭವಿಲ್ಲದ ಕಡೆ ಕಂಪನಿಗಳು ಏಕೆ ಹಣ ಸುರಿಯುತ್ತವೆ? ಸರಿ, ಸುರಿಯುವುದಿಲ್ಲ. ಅದಕ್ಕೇ ಇದು ಸರ್ಕಾರದ ದುಡ್ಡಿನಲ್ಲಿ ಆಗಬೇಕಾದ ಕೆಲಸ, ಆಗಬೇಕಾದ ದೇಶವೂ ಇದೇ. ಬಾಯಿ ಕ್ಯಾನ್ಸರಿನ ಹೊಸ ರೋಗಿಗಳು ವರ್ಷಕ್ಕೆ ಸುಮಾರು 1.4 ಲಕ್ಷ ಇಲ್ಲಿದ್ದಾರೆ, ಜಗತ್ತಿನ ಮೂರನೆಯ ಒಂದು ಪಾಲಿಗೂ ಹೆಚ್ಚು. ಅಲ್ಲದೆ ಸಸ್ಯದ್ರವ್ಯಗಳಿಗೆ ಬಾಯಿಗಿಂತ ಅನುಕೂಲದ ಜಾಗ ದೇಹದಲ್ಲಿ ಕಡಿಮೆ. ಮಚ್ಚೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ. ಹೊಟ್ಟೆ, ಯಕೃತ್ತು ದಾಟಿ ರಕ್ತ ಸೇರುವ ಗೋಜಿಲ್ಲದೆ ಲೇಪವಾಗಿಯೇ ಹಚ್ಚಬಹುದು. ಇನ್ನೂ ಐವತ್ತು ಬಟ್ಟಲಿನ ಪ್ರಯೋಗಗಳಿಗೆ ಖರ್ಚು ಮಾಡುವ ಬದಲು ಕೇಳಬೇಕಾದ ಪ್ರಶ್ನೆ ಒಂದೇ: ಮಚ್ಚೆ ತಗ್ಗಿದವರಲ್ಲಿ ಮುಂದೆ ಕ್ಯಾನ್ಸರ್ ಕಡಿಮೆಯಾಯಿತೇ?

ಅದನ್ನು ತಿಳಿಯಲು ಸಾವಿರಾರು ಮಚ್ಚೆಗಳು, ಹತ್ತಾರು ವರ್ಷ ಬೇಕು. ಅಷ್ಟು ಮಚ್ಚೆ ಸಿಗಬೇಕಾದರೆ ಮೊದಲು ಯಾರಾದರೂ ಬಾಯಿ ತೆರೆಸಿ ನೋಡಬೇಕು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರಿಗಣ್ಣಿನಿಂದ ಬಾಯಿ ನೋಡಿದ್ದರಿಂದಲೇ ತಂಬಾಕು, ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಇಳಿದದ್ದು 2005ರಲ್ಲೇ ವರದಿಯಾಗಿದೆ. ಮೂವತ್ತು ದಾಟಿದವರ ಬಾಯಿ ತಪಾಸಣೆ ಈಗ ನಮ್ಮ ಉಪಕೇಂದ್ರಗಳ ಕೆಲಸದ ಪಟ್ಟಿಯಲ್ಲೂ ಇದೆ. ಅಲ್ಲಿನ ರಿಜಿಸ್ಟರಿನಲ್ಲಿ ಮಚ್ಚೆ ಎಂದು ಬರೆದುಕೊಂಡ ಹೆಸರುಗಳಿಂದಲೇ ಅರಿಶಿನದ ಮುಂದಿನ ಪ್ರಯೋಗ ಶುರುವಾಗಬಹುದು.