ಸುಟ್ಟ ಪಿಸ್ಟನ್ ಎಸೆಯಬೇಡಿ, ಅದೇ ಸಾಕ್ಷಿ

ಈ ಕಂತಿನಲ್ಲಿ ಮಾಹಿತಿ ಜೊತೆಗೆ ನಮ್ಮದೊಂದು ಖಡಾಖಂಡಿತ ಅಭಿಪ್ರಾಯವೂ ಇದೆ. ರೀಬಿಲ್ಡ್ ಮಾಡಿಸಿದ ಚೈನ್‌ಸಾ ಇಂಜಿನ್ ಮತ್ತೆ ಸೀಜ್ ಆಯ್ತಾ? ಹಾಗಾದ್ರೆ ಇನ್ನೊಂದು ಪಿಸ್ಟನ್ ಕೊಳ್ಳಬೇಡಿ. ಮೊದಲು ಕಾರಣ ಹುಡುಕಿ.

ಡೆಟ್ರಾಯಿಟ್, ಶಿಕಾಗೊ ಸುತ್ತಮುತ್ತಲಿನ ಕೇಳುಗರಿಗೆ ಇದು ಹಿತ್ತಲಿನ ವಿಷಯವೇ. 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ಜೀರುಂಡೆ 2006ರಲ್ಲಿ ಇಲಿನಾಯ್‌ನಲ್ಲೂ ಸಿಕ್ಕಿತು. ಅದು ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಒಣಮರ ಇದ್ದಲ್ಲಿ ಚೈನ್‌ಸಾ ಬೇಕು, ಚೈನ್‌ಸಾ ಇದ್ದಲ್ಲಿ ರಿಪೇರಿಯೂ ಬೇಕು.

ಮೈಸೂರಿನ ಯೆಜ್ಡಿ ಬೈಕ್ ಓಡಿಸಿದವರಿಗೆ ಟೂ-ಸ್ಟ್ರೋಕ್ ಗುಟ್ಟು ಗೊತ್ತು: ಪೆಟ್ರೋಲಿನ ಜೊತೆಗೇ ಆಯಿಲ್ ಹೋಗಬೇಕು. ಚೈನ್‌ಸಾದಲ್ಲೂ ಅಷ್ಟೆ. ಸಾಮಾನ್ಯವಾಗಿ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅಂದ್ರೆ ಲೀಟರಿಗೆ 20 ಮಿ.ಲೀ. ಈ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಸಿಲಿಂಡರಿಗೆ ಹೋಗುತ್ತೆ. ಎಲ್ಲೋ ಒಂದು ಸೀಲ್ ಸವೆದು ಹೊರಗಿನ ಗಾಳಿ ಒಳಗೆ ನುಗ್ಗಿದರೆ ಗಾಳಿ ಹೆಚ್ಚಾಗಿ, ಅದರ ಲೆಕ್ಕಕ್ಕೆ ಇಂಧನ ಸಾಲದೆ ಹೋಗುತ್ತೆ. ಆಯಿಲ್ಲೂ ಕಮ್ಮಿ, ತಂಪೂ ಕಮ್ಮಿ. ಬಿಸಿಗೆ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತೆ. ಅಲ್ಲಿ ಹೊಸ ಪಿಸ್ಟನ್ ಹಾಕೋದು, ಸೂರು ಸೋರುವಾಗ ಚಾಪೆ ಬದಲಾಯಿಸಿದ ಹಾಗೆ.

ಅದಕ್ಕೇ ಸುಟ್ಟ ಪಿಸ್ಟನ್ ಎಸೆಯಬೇಡಿ ಅನ್ನೋದು. ಗೀರು ಹೊಗೆ ಹೋಗುವ ಬದಿಯಲ್ಲಿ ಮಾತ್ರ ಇದ್ದರೆ ಗಾಳಿ ಸೋರಿಕೆ, ಇಂಧನದ ಕೊರತೆ ಅಥವಾ ಅತಿಶಾಖದ ಮೇಲೆ ಅನುಮಾನ. ಸುತ್ತಲೂ ಇದ್ದರೆ ಆಯಿಲ್ ಮೇಲೆ. ಗಾಳಿ ಬರುವ ಬದಿ ಮಂಕಾಗಿ ಸವೆದಿದ್ದರೆ ಏರ್‌ಫಿಲ್ಟರ್ ದಾಟಿ ಬಂದ ಧೂಳಿನ ಮೇಲೆ.

ಅನುಮಾನ ಸಾಲದು, ಪರೀಕ್ಷೆಯೂ ಬೇಕು. ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಮುಚ್ಚಿ ಕೈಪಂಪಿನಿಂದ ಸುಮಾರು ಅರ್ಧ ಬಾರ್ ಒತ್ತಡ ಕೊಡಿ, ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಆಮೇಲೆ ಗಾಳಿ ಎಳೆದು ನಿರ್ವಾತ ಪರೀಕ್ಷೆಯನ್ನೂ ಮಾಡಿ. ಇದನ್ನು ಬಹಳ ಜನ ಬಿಟ್ಟುಬಿಡ್ತಾರೆ. ಆದರೆ ಒತ್ತಡಕ್ಕೆ ಜಗ್ಗದ ಕ್ರ್ಯಾಂಕ್ ಸೀಲ್ ಎಳೆತಕ್ಕೆ ಸೋರಬಹುದು. ಜೊತೆಗೆ ಇಂಧನ ಪೈಪು, ಟ್ಯಾಂಕಿನ ಗಾಳಿಕಿಂಡಿ, ಕಾರ್ಬುರೇಟರ್‌ಗೆ ಸೇರುವ ರಬ್ಬರ್ ಎಲ್ಲಾ ನೋಡಿ. ಹಳೆ ಸಿಲಿಂಡರ್ ಗೋಡೆಗೆ ಮೊದಲ ಸೀಜ್‌ನ ಅಲ್ಯೂಮಿನಿಯಂ ಮೆತ್ತಿಕೊಂಡೇ ಇದ್ದರೆ ಹೊಸ ಪಿಸ್ಟನ್ನೂ ಉಳಿಯಲ್ಲ.

ಇನ್ನು ಪೆಟ್ರೋಲ್. ಅಮೆರಿಕದ ಬಂಕುಗಳಲ್ಲಿ ಸಿಗೋದು ಬಹುತೇಕ 10% ಎಥೆನಾಲ್ ಬೆರೆತದ್ದು. ಎಥೆನಾಲ್ ನೀರು ಹೀರುತ್ತೆ. ನೀರು ಮಿತಿ ಮೀರಿದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ, ಆಯಿಲ್ ಬಹುಪಾಲು ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತೆ. ಇಂಧನ ಹೀರುವ ಕೊಳವೆ ಇರೋದು ತಳದಲ್ಲಿ! ಚಳಿಗಾಲವಿಡೀ ಗ್ಯಾರೇಜಿನಲ್ಲಿಟ್ಟ ಕ್ಯಾನನ್ನು ವಸಂತದಲ್ಲಿ ಹಾಗೇ ಸುರಿಯಬೇಡಿ. ಭಾರತದಲ್ಲಂತೂ ಈಗ 20% ಎಥೆನಾಲ್. ಮಲೆನಾಡಿನ ತೋಟದವರೂ ಗಮನಿಸಿ.

"ಕಾರ್ಬುರೇಟರ್ ಸ್ಕ್ರೂ ತಿರುಗಿಸಿ ಇಂಧನ ಜಾಸ್ತಿ ಬಿಟ್ಟರೆ ಆಯ್ತಲ್ಲ" ಅಂತ ಕೆಲವರು ಅಂತಾರೆ. ನಾವು ಒಪ್ಪಲ್ಲ. ಗಾಳಿ ಸೋರಿಕೆ ಒಂದೇ ಸಮ ಇರಲ್ಲ, ಬಿಸಿಯಾದಂತೆ ಬದಲಾಗುತ್ತೆ. ಬೆಳಿಗ್ಗೆ ಸರಿಹೋದದ್ದು ಮಧ್ಯಾಹ್ನ ಕೈಕೊಡುತ್ತೆ. ಸುರಕ್ಷತೆಯ ಪ್ರಶ್ನೆಯೂ ಇದೆ: ಗಾಳಿ ಸೋರುವ ಇಂಜಿನ್ ಆಕ್ಸಿಲರೇಟರ್ ಬಿಟ್ಟ ಮೇಲೂ ಜೋರಾಗಿ ಓಡುತ್ತಿರಬಹುದು, ಅದರ ಜೊತೆ ಹಲ್ಲಿನ ಚೈನೂ. ಅದು ನಿಮ್ಮ ಕಾಲಿನ ಪಕ್ಕದಲ್ಲೇ ಇರುತ್ತೆ ಅನ್ನೋದು ಮರೀಬೇಡಿ.

ಇನ್ನೊಂದು ವಾದ: "ಪರೀಕ್ಷೆಗೆ ಕೊಡೋ ಕೂಲಿಗೆ ಅಗ್ಗದ ಕಿಟ್ಟೇ ಬರುತ್ತೆ." ಒಂದು ಸಲಕ್ಕೆ ಈ ಲೆಕ್ಕ ಸರಿ ಅನ್ನಿಸಬಹುದು. ಎರಡನೇ ಕಿಟ್ಟೂ ಸುಟ್ಟಾಗ ಲೆಕ್ಕ ತಲೆಕೆಳಗು. ಹಾಗಾಗಿ ರಿಪೇರಿಗೆ ಕೊಡುವಾಗ "ಎಷ್ಟಾಗುತ್ತೆ?" ಅಂತ ಕೇಳುವ ಮೊದಲು "ಯಾಕೆ ಸೀಜ್ ಆಯ್ತು?" ಅಂತ ಕೇಳಿ. ಉತ್ತರ ಇಲ್ಲದ ರಿಪೇರಿಗೆ ದುಡ್ಡು ಕೊಡಬೇಡಿ.

ಮುಂದಿನ ಕಂತಿನಲ್ಲಿ ಸಿಗೋಣ.