ಕಡಲೆಕಾಯಿ ತೂಗುತ್ತೀರಿ, ಧೂಳನ್ನು ತೂಗುವವರು ಯಾರು?

ಮಧುಗಿರಿ ಉಪವಿಭಾಗದ ಯಾವ ಪೇಟೆಗೆ ಬೇಕಾದರೂ ಹೋಗಿ ನೋಡಿ. ಅಂಗಡಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಇರಲೇಬೇಕು. ತೂಕ ತಪ್ಪಿದರೆ ದಂಡ. ಅದು ನ್ಯಾಯವೇ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದೇ ಪೇಟೆಯ ಹಿಂದಿನ ಬೀದಿಯಲ್ಲಿ, ಕಡಲೆಕಾಯಿ ಸುಲಿಯುವ ಮಿಲ್ಲಿನೊಳಗೆ, ಕೂಲಿಯವಳ ಎದೆಗೆ ದಿನಕ್ಕೆ ಎಷ್ಟು ಧೂಳು ಇಳಿಯುತ್ತದೆ? ಅದನ್ನು ತೂಗಿದವರು ಯಾರು?

ಪಾವಗಡದಲ್ಲಿ ಕಡಲೆಕಾಯಿ ಹೊಟ್ಟು, ಶಿರಾದ ಗಲ್ಲಿಗಳಲ್ಲಿ ಹೊಗೆಸೊಪ್ಪಿನ ಪುಡಿ, ಮಧುಗಿರಿ ಕೊರಟಗೆರೆಗಳ ಕಡೆ ಜಲ್ಲಿ ಕ್ರಷರಿನ ಕಲ್ಲುಪುಡಿ. ಸಂಜೆ ಮುಖ ತೊಳೆದರೆ ನೀರು ಬಣ್ಣ ತಿರುಗುತ್ತದೆ. ಎದೆಯನ್ನು ತೊಳೆಯುವ ನೀರನ್ನು ಎಲ್ಲಿಂದ ತರೋಣ?

ಇದು ಹೊಸ ಸಂಗತಿಯಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲುಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ರೋಗ, ಕಂಡುಬಂತು. ಎಣಿಸುವ ತನಕ ಅದು ಕೂಲಿಯವನ ಹಣೆಬರಹ. ಎಣಿಸಿದ ಮೇಲೆ ಮಾಲೀಕನ ಹೊಣೆ. ಎಣಿಸಲು ಹೆದರುವವರು ಯಾರೆಂದು ಬೇರೆ ಹೇಳಬೇಕೇ?

1948ರ ಕಾರ್ಖಾನೆ ಕಾಯ್ದೆ, ಧೂಳನ್ನು ಹುಟ್ಟಿದ ಜಾಗದಲ್ಲೇ ಹೀರಿ ಹೊರಹಾಕಬೇಕೆಂದಿತು. ಭೋಪಾಲದ ಹೆಣಗಳನ್ನು ಕಂಡ ಮೇಲೆ, 1987ರ ತಿದ್ದುಪಡಿ ಗಾಳಿಯಲ್ಲಿ ಯಾವ ವಿಷ ಎಷ್ಟಿರಬಹುದೆಂಬ ಮಿತಿಯನ್ನೂ ಬರೆಯಿತು. ಎದೆಗಿಳಿಯುವ ಕಲ್ಲುಧೂಳಿನಲ್ಲಿ ಸ್ಫಟಿಕದ ಅಂಶ ನೂರಕ್ಕೆ 30 ಇದ್ದರೆ, ಒಂದು ಘನ ಮೀಟರ್ ಗಾಳಿಯಲ್ಲಿ ಆ ಧೂಳು 0.31 ಮಿಲಿಗ್ರಾಂ ಮೀರಕೂಡದು. ಮಿತಿ ಬರೆದದ್ದಾಯಿತು, ಅಳೆಯುವ ಕೈ ನಮ್ಮ ಮಿಲ್ಲುಗಳ ಬಾಗಿಲಿಗೆ ಬರಲಿಲ್ಲ.

ಈಗ ಅದಕ್ಕೂ ಸಂಚಕಾರ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸಿ 10 ಜನ ದುಡಿಯುವ ಜಾಗ ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ತಂದ ಹೊಸ ಸಂಹಿತೆಯಲ್ಲಿ 20 ಜನ ಬೇಕು. 15 ಜನರ ಮಿಲ್ಲು ಒಂದೇ ರಾತ್ರಿಯಲ್ಲಿ ಕಾರ್ಖಾನೆಯಲ್ಲದಾಯಿತು! ಧೂಳಿಗೆ ಈ ಆಜ್ಞೆಯನ್ನು ಯಾರು ಓದಿ ಹೇಳಿದರು? ಮನೆಯಲ್ಲೇ ಬೀಡಿ ಸುತ್ತುವ ತಾಯಿಯಂತೂ ಎರಡು ಲೆಕ್ಕಕ್ಕೂ ಸೇರಿದವಳಲ್ಲ. ಒಲೆ ಇರುವ ಕೋಣೆಯೇ ಅವಳ ಕಾರ್ಖಾನೆ. ಮಗುವಿನ ತೊಟ್ಟಿಲೂ ಅಲ್ಲೇ.

ಅಳೆಯುವುದು ಮಹಾವಿದ್ಯೆಯೇನಲ್ಲ. ಅಂಗಿಯ ಕಾಲರಿಗೆ ಸೋಸುಕಾಗದದ ಸಣ್ಣ ಡಬ್ಬಿ, ಸೊಂಟಕ್ಕೆ ಬ್ಯಾಟರಿ ಪಂಪು. ಎಂಟು ಗಂಟೆಯ ಕೆಲಸವಾದ ಮೇಲೆ ಕಾಗದವನ್ನು ತೂಗಿ ಮೊದಲಿನ ತೂಕ ಕಳೆದರೆ ಲೆಕ್ಕ ಸಿಕ್ಕಿತು. ಗೋದಾಮಿನಲ್ಲಿ ಹುಳು ಸಾಯಲೆಂದು ಇಡುವ ಮಾತ್ರೆಯಿಂದೇಳುವ ಫಾಸ್ಫೀನ್ ಅನಿಲವನ್ನು ಅಳೆಯಲೂ ಸಾಧನವಿದೆ. ಹತ್ತು ಲಕ್ಷ ಭಾಗ ಗಾಳಿಗೆ 0.3 ಭಾಗ, ಇದು 1987ರಲ್ಲಿ ಬರೆದ ಮಿತಿ. ಆ ಬಾಗಿಲು ತೆರೆದು ಒಳಹೋಗುವವನು ಹಮಾಲಿ. ಅವನ ಹಿಂದೆಯೇ ಸಣ್ಣ ವ್ಯಾಪಾರಿ.

‘ಕಣ್ಣಿಗೆ ಕಾಣುವಷ್ಟು ಧೂಳೇ ಇಲ್ಲ’ ಎನ್ನುತ್ತಾರೆ ಮಾಲೀಕರು. ಸ್ವಾಮಿ, ಕಣ್ಣಿಗೆ ಕಾಣುವ ಧೂಳನ್ನು ಬಹುಮಟ್ಟಿಗೆ ಮೂಗು ಗಂಟಲುಗಳೇ ತಡೆಯುತ್ತವೆ. ಎದೆಯ ತಳಕ್ಕಿಳಿದು ಕೊಲ್ಲುವುದು ಕಾಣದ ಧೂಳು. ‘ಸಣ್ಣ ಮಿಲ್ಲಿನವನು ಖರ್ಚಿಗೆ ಎಲ್ಲಿಗೆ ಹೋಗಬೇಕು’ ಎನ್ನುತ್ತಾರೆ. ಇದು ಸರಿಯಾದ ಪ್ರಶ್ನೆ. ರಾಗಿ ಮಿಲ್ಲಿನ ಮಾಲೀಕನೂ ಆಳಿನ ಪಕ್ಕ ನಿಂತು ಅದೇ ಹಿಟ್ಟು ಕುಡಿಯುತ್ತಾನೆ. ಆದ್ದರಿಂದಲೇ ಸಣ್ಣವರ ಪರೀಕ್ಷೆಯ ಖರ್ಚನ್ನು ಸರ್ಕಾರ ಹೊರಲಿ, ದೊಡ್ಡವರದನ್ನು ದೊಡ್ಡವರೇ ಹೊರಲಿ.

ನಾವು ಕೇಳುವುದು ಮೂರೇ ಮಾತು.

ಒಂದು: ನಾಲ್ಕೂ ತಾಲ್ಲೂಕುಗಳಿಗಾಗಿ ಮಧುಗಿರಿಯಲ್ಲಿ ಧೂಳು, ಅನಿಲ ಅಳೆಯುವ ಸಾಧನ ಮತ್ತು ಸಿಬ್ಬಂದಿ ಇರಲಿ. ಜನರ ಎಣಿಕೆ ನೋಡದೆ ಮಿಲ್ಲು, ಕ್ರಷರು, ಗೋದಾಮು, ಬೀಡಿ ಸುತ್ತುವ ಮನೆ ಎಲ್ಲವನ್ನೂ ಪರೀಕ್ಷಿಸಲಿ.

ಎರಡು: ಮುನ್ಸೂಚನೆಯಿಲ್ಲದೆ, ಸುಗ್ಗಿಯ ದಿನಗಳಲ್ಲಿ, ಮಿಷನ್ ಓಡುತ್ತಿರುವಾಗ ಅಳೆಯಲಿ. ಅಧಿಕಾರಿ ಬರುವ ದಿನ ನೀರು ಚಿಮುಕಿಸುವ ನಾಟಕ ಬೇಡ.

ಮೂರು: ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಗೇಟಿಗೆ ಅಂಟಿಸಲಿ, ಒಂದು ಪ್ರತಿ ಕಾರ್ಮಿಕನ ಕೈಗೆ ಸಿಗಲಿ. ನಾಳೆ ಪರಿಹಾರ ಕೇಳುವಾಗ ಅವನ ಕೆಮ್ಮಿಗೆ ಆ ಚೀಟಿಯೇ ಸಾಕ್ಷಿ.

ಮಿಲ್ಲಿನ ಗೆಳೆಯರೇ, ಅಂಗಡಿಯ ಬಂಧುಗಳೇ, ಉಪವಿಭಾಗಾಧಿಕಾರಿಗಳ ಕಚೇರಿಗೆ ಈ ಮನವಿಯನ್ನು ಒಟ್ಟಾಗಿ ಒಯ್ಯೋಣ. ಮೂಟೆಯ ತೂಕಕ್ಕೆ ಸರ್ಕಾರದ ಮುದ್ರೆ ಇರುವ ನಾಡಿನಲ್ಲಿ ಮನುಷ್ಯನ ಉಸಿರಿಗೂ ಒಂದು ಲೆಕ್ಕವಿರಲಿ!